ಅತ್ತೆಯ ರಿಪೋರ್ಟಿನಲ್ಲಿದ್ದ ಹದಿಮೂರು ‘ಆರ್’

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ವೇದಿಕೆಯಿಂದ ಫೋನ್ ಬಂದಾಗ ನಾನು ಹಿಂಜರಿದೆ. ‘ಆರೋಗ್ಯದ ಬಗ್ಗೆ ಏನಾದರೂ ಮಾತಾಡಮ್ಮ, ನೀನು ಓದಿದವಳಲ್ಲವಾ’ ಅಂದರು. ನಾನು ಡಾಕ್ಟರ್ ಅಲ್ಲ. ಓದಿದ್ದು ಬಯೋಟೆಕ್ನಾಲಜಿಯಲ್ಲಿ ಎಂ.ಟೆಕ್., ಹೊಟ್ಟೆಪಾಡು ಸಾಫ್ಟ್‌ವೇರ್‌ನಲ್ಲಿ. ನನ್ನ ಬ್ಯಾಚಿನ ಅರ್ಧ ಜನರ ಕತೆ ಇದೇ. ಓದಿದ್ದೆಲ್ಲ ಹತ್ತು ವರ್ಷ ಅಟ್ಟ ಸೇರಿತ್ತು. ಹೋದ ವರ್ಷ ನಮ್ಮತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಅದನ್ನು ಕೆಳಗಿಳಿಸಬೇಕಾಯಿತು. ಇವತ್ತು ಅದನ್ನೇ ಹೇಳುತ್ತೇನೆ.

ಅತ್ತೆ ರಾಯಚೂರಿನ ಕಡೆಯವರು, ಎಪ್ಪತ್ತೆರಡು ವರ್ಷ. ಯುಗಾದಿಗೆ ಎರಡು ವಾರ ಇದೆ ಅನ್ನುವಾಗ ಬಚ್ಚಲಲ್ಲಿ ಜಾರಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಮಾರನೆಯ ದಿನ ಬೆಳಿಗ್ಗೆ ಸಿಸ್ಟರ್ ಬಂದು ‘ಯೂರಿನ್ ಪೈಪ್ ತೆಗೆಯೋಣವಾ, ಬೆಡ್‌ಪ್ಯಾನ್ ಇಡಬಹುದು’ ಎಂದು ಕೇಳಿದರು. ಬೇಡ, ಇನ್ನೆರಡು ದಿನ ಇರಲಿ ಅಂದವಳು ನಾನೇ. ತೆಗೆದರೆ ರಾತ್ರಿ ಮೂರು ಸಲ ಏಳಬೇಕು, ಬೆಳಿಗ್ಗೆ ನನಗೆ ಆಫೀಸಿನ ಕಾಲ್ ಇದೆ, ಅತ್ತೆಗೂ ಹೊರಳಿದರೆ ನೋವು. ಎರಡು ದಿನ ಅಂದದ್ದು ನಾಲ್ಕಾಯಿತು. ಆರನೆಯ ದಿನ ಮಂಚ ಅಲುಗುವಂಥ ಚಳಿಜ್ವರ ಬಂತು.

ಮೊದಲು ಕೊಟ್ಟ ಇಂಜೆಕ್ಷನ್‌ಗೆ ಜ್ವರ ಇಳಿಯಲಿಲ್ಲ. ಮೂತ್ರ, ರಕ್ತ ಎರಡನ್ನೂ ಕಲ್ಚರ್‌ಗೆ ಕಳಿಸಿದರು. ಮೂರನೆಯ ದಿನ ರಿಪೋರ್ಟ್ ಕೈಗೆ ಬಂತು. ಮೇಲೆ ಕ್ರಿಮಿಯ ಹೆಸರು: ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ. ಕೆಳಗೆ ಹದಿನಾರು ಆಂಟಿಬಯಾಟಿಕ್‌ಗಳ ಹೆಸರು, ಪಕ್ಕದಲ್ಲಿ ಒಂದೊಂದು ಅಕ್ಷರ. ‘ಎಸ್’ ಅಂದರೆ ಆ ಔಷಧಿ ಕೆಲಸ ಮಾಡುತ್ತದೆ, ‘ಆರ್’ ಅಂದರೆ ಕ್ರಿಮಿ ಅದಕ್ಕೆ ಜಗ್ಗುವುದಿಲ್ಲ. ಎಣಿಸಿದೆ. ಹದಿಮೂರು ಆರ್. ನಮ್ಮ ಆಫೀಸಿನ ಟೆಸ್ಟ್ ರಿಪೋರ್ಟುಗಳಲ್ಲಿ ಇಷ್ಟು ಕೆಂಪು ನೋಡಿದ್ದೇನೆ. ಆದರೆ ಅಲ್ಲಿ ರಾತ್ರಿ ಕೂತು ಸರಿಮಾಡಿ ಮತ್ತೆ ಓಡಿಸಬಹುದು.

ಎಂ.ಟೆಕ್. ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಇದೇ ಪ್ರಶ್ನೆ ಬಂದಿತ್ತು: ಬ್ಯಾಕ್ಟೀರಿಯಾಗಳು ಆಂಟಿಬಯಾಟಿಕ್‌ಗಳನ್ನು ಎದುರಿಸುವ ಬಗೆಗಳನ್ನು ವಿವರಿಸಿ. ಬಣ್ಣದ ಪೆನ್ಸಿಲ್ಲಿನಲ್ಲಿ ಚಿತ್ರ ಬರೆದು ಎಂಟೂವರೆ ಅಂಕ ತೆಗೆದುಕೊಂಡಿದ್ದೆ. ಆ ಚಿತ್ರದ ಒಂದೊಂದು ಬಾಣವೂ ಐಸಿಯು ಹೊರಗಿನ ಕುರ್ಚಿಯಲ್ಲಿ ಕೂತಾಗ ನೆನಪಾಯಿತು.

ನೋಡಲು ಬಂದ ನೆಂಟರೊಬ್ಬರು, ‘ಸಣ್ಣದಕ್ಕೂ ಮಾತ್ರೆ ನುಂಗಿ ನುಂಗಿ ಮೈ ಒಗ್ಗಿಹೋಗಿದೆ’ ಅಂದರು. ಅತ್ತೆಯೂ ಅದನ್ನೇ ನಂಬಿ, ‘ಯಾಕವ್ವಾ, ನನ್ನ ಮೈಗೆ ಔಷಧ ನಾಟವಲ್ದೇನು?’ ಎಂದು ಅಳುಮೋರೆ ಮಾಡಿದರು. ನಮ್ಮಲ್ಲಿ ಬಹಳ ಜನ ಹೀಗೇ ತಿಳಿದಿದ್ದೇವೆ. ಆದರೆ ಔಷಧಿಗೆ ಒಗ್ಗುವುದು ನಮ್ಮ ಮೈ ಅಲ್ಲ, ಕ್ರಿಮಿ. ವ್ಯತ್ಯಾಸ ಸಣ್ಣದಲ್ಲ. ಮೈ ಒಗ್ಗಿದ್ದರೆ ಅದು ಅತ್ತೆಯೊಬ್ಬರ ಸಮಸ್ಯೆ. ಕ್ರಿಮಿ ಒಗ್ಗಿದರೆ ಅದು ಒಬ್ಬರಲ್ಲೇ ನಿಲ್ಲುವುದಿಲ್ಲ. ಜೀವಮಾನದಲ್ಲಿ ಒಂದು ಮಾತ್ರೆ ನುಂಗದವರಿಗೂ, ನಿನ್ನೆ ಹುಟ್ಟಿದ ಕೂಸಿಗೂ ಅದೇ ಕ್ರಿಮಿ ತಗಲಬಹುದು.

ಒಗ್ಗುವುದು ಹೇಗೆ ಅನ್ನುವುದಕ್ಕೆ ನಮ್ಮ ಅಡುಗೆಮನೆಗೇ ಹೋಗೋಣ. ರಾತ್ರಿ ಹಾಲಿಗೆ ಅರ್ಧ ಚಮಚ ಹೆಪ್ಪು ಹಾಕುತ್ತೇವೆ, ಬೆಳಿಗ್ಗೆ ಪಾತ್ರೆ ತುಂಬ ಮೊಸರು. ಬ್ಯಾಕ್ಟೀರಿಯಾ ಬೆಳೆಯುವ ವೇಗ ಅದು. ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಹದವಾದ ಜಾಗ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಹತ್ತು ಗಂಟೆಯಲ್ಲಿ ಮೂವತ್ತು ಸಲ ಇಮ್ಮಡಿ. ಒಂದು ಇದ್ದದ್ದು 107 ಕೋಟಿ. ಕಂಪ್ಯೂಟರಿನವರು ಈ ಸಂಖ್ಯೆಯನ್ನು ತಕ್ಷಣ ಗುರುತಿಸುತ್ತಾರೆ, ಒಂದು ಜಿಬಿ ಅಂದರೆ ಇಷ್ಟೇ ಬೈಟು. ಪ್ರತಿ ಸಲ ಎರಡಾಗುವಾಗಲೂ ಅದು ತನ್ನ ಡಿಎನ್‌ಎಯ ಸುಮಾರು 46 ಲಕ್ಷ ಅಕ್ಷರಗಳನ್ನು ನಕಲು ಮಾಡಬೇಕು. ನಕಲು ಬಹಳ ಚೊಕ್ಕ, ಸಾವಿರ ಪ್ರತಿಗೆ ಹೆಚ್ಚುಕಡಿಮೆ ಒಂದು ಅಕ್ಷರ ತಪ್ಪುತ್ತದೆ. ಆದರೂ ನೂರು ಕೋಟಿಯಲ್ಲಿ ಅಂಥ ತಪ್ಪುಗಳು ಲಕ್ಷಗಟ್ಟಲೆ ಆದವು. ಬಹುಪಾಲು ನಿರುಪಯೋಗಿ. ಅಪರೂಪಕ್ಕೆ ಒಂದು ತಪ್ಪು ಔಷಧಿಯ ಕಣ್ಣು ತಪ್ಪಿಸುವಂಥದ್ದಾಗಿರುತ್ತದೆ. ಔಷಧಿ ಬಂದು ಉಳಿದವನ್ನೆಲ್ಲ ಕೊಲ್ಲುತ್ತದೆ, ಆ ಒಂದಕ್ಕೆ ಇಡೀ ಜಾಗ ಬಿಟ್ಟುಕೊಡುತ್ತದೆ. ಮುಂದಿನ ಹೆಪ್ಪು ಅದರದ್ದು.

ಇನ್ನು ಆ ಹದಿಮೂರು ಆರ್‌ಗಳು. ಬ್ಯಾಕ್ಟೀರಿಯಾದ ಸುತ್ತ ಒಂದು ಗೋಡೆ ಇರುತ್ತದೆ, ಅದನ್ನು ಸದಾ ಕಟ್ಟುತ್ತಲೇ ಇರಬೇಕು. ಪೆನಿಸಿಲಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಐಸಿಯು ಬಿಲ್ಲಿನಲ್ಲಿ ಕಾಣುವ ಮೆರೊಪೆನೆಮ್, ಇವೆಲ್ಲ ಒಂದೇ ದೊಡ್ಡ ಕುಟುಂಬ. ಇವು ಗೋಡೆ ಕಟ್ಟುವ ಮೇಸ್ತ್ರಿಯ ಕೈಗೆ ಸುಳ್ಳು ಇಟ್ಟಿಗೆ ಕೊಡುತ್ತವೆ. ಅದು ಕೈಗೆ ಅಂಟಿಕೊಳ್ಳುತ್ತದೆ, ಕೆಲಸ ನಿಲ್ಲುತ್ತದೆ, ಗೋಡೆ ಒಡೆದು ಕ್ರಿಮಿ ಸಾಯುತ್ತದೆ. ಇದಕ್ಕೆ ಬ್ಯಾಕ್ಟೀರಿಯಾ ಕಂಡುಕೊಂಡ ಉತ್ತರ ಕತ್ತರಿ. ಬೀಟಾ ಲ್ಯಾಕ್ಟಮೇಸ್ ಎಂಬ ಕಿಣ್ವ, ಆ ಔಷಧಿಯ ಮಧ್ಯದ ಉಂಗುರವನ್ನು ಕತ್ತರಿಸಿ ಹಾಕುತ್ತದೆ. ಪೆನಿಸಿಲಿನ್ ಇನ್ನೂ ಜನರ ಕೈಗೆ ಬಾರದಿದ್ದ 1940ರಲ್ಲೇ ಏಬ್ರಹಾಂ ಮತ್ತು ಚೈನ್ ಎಂಬ ವಿಜ್ಞಾನಿಗಳು ಇಂಥ ಕಿಣ್ವವನ್ನು ಗುರುತಿಸಿ ಬರೆದಿದ್ದರು. ನಾವು ಹೊಸ ಔಷಧಿ ತಂದಂತೆಲ್ಲ ಅದಕ್ಕೆ ಸರಿಯಾದ ಕತ್ತರಿ ಮೇಲೆ ಬಂತು. ಸೆಫಿಕ್ಸಿಮ್‌ನಂಥವನ್ನು ಕತ್ತರಿಸುವುದಕ್ಕೆ ಇಎಸ್‌ಬಿಎಲ್ ಎಂದು ಹೆಸರು, ರಿಪೋರ್ಟುಗಳಲ್ಲಿ ನೀವೂ ಓದಿರುತ್ತೀರಿ. ಮೆರೊಪೆನೆಮ್ ಅನ್ನೂ ಬಿಡದ ಕತ್ತರಿಗಳಲ್ಲಿ ಒಂದರ ಹೆಸರು ಎನ್‌ಡಿಎಂ. ಅದರ ಕತೆಗೆ ಆಮೇಲೆ ಬರುತ್ತೇನೆ.

ಎಲ್ಲ ಔಷಧಿಗೂ ಕತ್ತರಿ ಬೇಕಿಲ್ಲ. ಕ್ಲೆಬ್ಸಿಯೆಲ್ಲಾದಂಥವಕ್ಕೆ ಗೋಡೆಯ ಹೊರಗೆ ಇನ್ನೊಂದು ಹೊದಿಕೆ ಇದೆ, ಅದರಲ್ಲಿ ಸಣ್ಣ ಕಿಂಡಿಗಳು. ಔಷಧಿ ಒಳಗೆ ಬರುವುದು ಆ ಕಿಂಡಿಗಳಿಂದ. ಕಿಂಡಿ ಕಡಿಮೆ ಮಾಡಿಕೊಂಡರೆ ಆಯಿತು. ಒಳಗೆ ಬಂದದ್ದನ್ನು ಹೊರಗೆ ಎಸೆಯಲು ಪಂಪ್ ಇರುತ್ತದೆ, ಮಳೆಗಾಲದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿಗೆ ನುಗ್ಗಿದ ನೀರನ್ನು ಮೋಟರ್ ಹಚ್ಚಿ ಹೊರಗೆ ಹಾಕುತ್ತೇವಲ್ಲ, ಹಾಗೆ. ಸಿಪ್ರೊಫ್ಲಾಕ್ಸಾಸಿನ್ ಹೋಗಿ ಹಿಡಿಯಬೇಕಾದದ್ದು ಡಿಎನ್‌ಎಯ ಸಿಕ್ಕು ಬಿಡಿಸುವ ಕಿಣ್ವವನ್ನು. ಆ ಕಿಣ್ವದಲ್ಲಿ ಒಂದೆರಡು ಅಕ್ಷರ ಬದಲಾದರೆ ಔಷಧಿಗೆ ಹಿಡಿತವೇ ಸಿಗುವುದಿಲ್ಲ, ಬೀಗ ಬದಲಾಯಿಸಿದ ಮನೆಗೆ ಹಳೆಯ ಕೀಲಿ ತಂದ ಹಾಗೆ.

ನನ್ನನ್ನು ಹೆದರಿಸಿದ್ದು ಇವುಗಳಲ್ಲಿ ಯಾವುದೂ ಅಲ್ಲ, ಪ್ಲಾಸ್ಮಿಡ್. ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎ ಅಲ್ಲದೆ ಪಕ್ಕದಲ್ಲಿ ಸಣ್ಣ ಉಂಗುರದಂತೆ ಇರುವ ಡಿಎನ್‌ಎ ಅದು, ಒಂಥರಾ ಪೆನ್‌ಡ್ರೈವ್. ಬ್ಯಾಕ್ಟೀರಿಯಾ ತನ್ನ ಪಕ್ಕದ ಬ್ಯಾಕ್ಟೀರಿಯಾಕ್ಕೆ ಒಂದು ಸೇತುವೆ ಚಾಚಿ ಇದರ ಪ್ರತಿಯನ್ನು ದಾಟಿಸುತ್ತದೆ. ಮಕ್ಕಳಿಗಷ್ಟೇ ಅಲ್ಲ, ನೆರೆಯವರಿಗೆ. ಎಷ್ಟೋ ಸಲ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ. ಒಂದೇ ಪ್ಲಾಸ್ಮಿಡ್‌ನಲ್ಲಿ ನಾಲ್ಕೈದು ಔಷಧಿಗಳಿಗೆ ಉತ್ತರ ಒಟ್ಟಿಗೆ ಇರುವುದುಂಟು. ಆಗ ಅವುಗಳಲ್ಲಿ ಯಾವುದೇ ಒಂದು ಔಷಧಿ ಬಳಸಿದರೂ ಇಡೀ ಪ್ಲಾಸ್ಮಿಡ್ ಉಳಿಯುತ್ತದೆ. ಅತ್ತೆ ಹಿಂದೆಂದೂ ಮೆರೊಪೆನೆಮ್ ತೆಗೆದುಕೊಂಡಿರಲಿಲ್ಲ, ಆದರೂ ಅದರ ಮುಂದೆ ಆರ್ ಇದ್ದದ್ದು ಹೇಗೆ ಎಂದು ನಮ್ಮ ಯಜಮಾನರು ಕೇಳಿದ್ದಕ್ಕೆ ಉತ್ತರ ಇದು. ಅದನ್ನು ಅತ್ತೆ ಕಲಿಸಿದ್ದಲ್ಲ. ಅದು ಕಲಿತೇ ಬಂದಿತ್ತು.

ಬಂದದ್ದು ಎಲ್ಲಿಂದ? ಹೆಚ್ಚಾಗಿ ಕೈಗಳಿಂದ. ಆಸ್ಪತ್ರೆ ಅಂದರೆ ಬಹಳ ಆಂಟಿಬಯಾಟಿಕ್ ಹರಿಯುವ ಜಾಗ, ಅಲ್ಲಿ ಬದುಕಿ ಉಳಿದ ಕ್ರಿಮಿ ಗಟ್ಟಿಯದ್ದೇ ಆಗಿರುತ್ತದೆ. ಅಲ್ಲಿ ಚರ್ಮ ಕೊಯ್ದವರು, ನಳಿಕೆ ಹಾಕಿಸಿಕೊಂಡವರು ಮಲಗಿರುತ್ತಾರೆ. ಮೂತ್ರದ ನಳಿಕೆಯ ಒಳಮೈಗೆ ಬ್ಯಾಕ್ಟೀರಿಯಾ ಅಂಟಿ, ತಮ್ಮ ಮೇಲೆ ಲೋಳೆಯ ಪದರ ಹೊದ್ದು ಕೂರುತ್ತವೆ. ತೊಳೆಯದೆ ಬಿಟ್ಟ ನೀರಿನ ಕೊಡದ ಒಳಗೆ ಕೈಗೆ ಜಾರುತ್ತದಲ್ಲ, ಅದೇ. ಆ ಪದರದೊಳಗೆ ಔಷಧಿ ಸರಿಯಾಗಿ ಇಳಿಯುವುದಿಲ್ಲ. ನಳಿಕೆ ಇದ್ದಷ್ಟು ದಿನವೂ ಅಪಾಯ ಬೆಳೆಯುತ್ತ ಹೋಗುತ್ತದೆ. ನಾನು ಬೇಡ ಅಂದ ಆ ಬೆಳಗ್ಗೆ ನಳಿಕೆ ತೆಗೆದಿದ್ದರೆ ಜ್ವರ ಬರುತ್ತಲೇ ಇರಲಿಲ್ಲ ಎಂದು ಯಾರೂ ಖಚಿತವಾಗಿ ಹೇಳಲಾರರು. ಡಾಕ್ಟರ್ ಕೂಡ ಹಾಗೆ ಹೇಳಿ ಸಮಾಧಾನ ಮಾಡಿದರು. ನನಗೆ ಸಮಾಧಾನ ಆಗಿಲ್ಲ.

ಕೈ ತೊಳೆಯುವುದರ ಬಗ್ಗೆ ಒಂದು ಹಳೆಯ ಸಂಗತಿ, ನಮಗೆ ಹೆಂಗಸರಿಗೆ ಸೇರಿದ್ದು. 1840ರ ದಶಕದಲ್ಲಿ ವಿಯೆನ್ನಾದ ದೊಡ್ಡ ಹೆರಿಗೆ ಆಸ್ಪತ್ರೆಯಲ್ಲಿ ಎರಡು ವಿಭಾಗಗಳಿದ್ದವು. ಒಂದರಲ್ಲಿ ಡಾಕ್ಟರುಗಳು ಮತ್ತು ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಡಾಕ್ಟರುಗಳ ವಿಭಾಗದಲ್ಲಿ ಬಾಣಂತಿ ಜ್ವರದ ಸಾವು ಎಷ್ಟಿತ್ತೆಂದರೆ, ಬಸುರಿಯರು ತಮ್ಮನ್ನು ಅಲ್ಲಿಗೆ ಸೇರಿಸಬೇಡಿ ಎಂದು ಮಂಡಿಯೂರಿ ಬೇಡುತ್ತಿದ್ದರು. ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಾರೆ ಎನ್ನುವುದನ್ನು ಕಂಡುಕೊಂಡ ಸೆಮ್ಮೆಲ್‌ವೈಸ್ ಎಂಬ ಡಾಕ್ಟರ್ 1847ರ ಮೇ ತಿಂಗಳಲ್ಲಿ ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ 2ರ ಆಸುಪಾಸಿಗೆ ಇಳಿಯಿತು. ಆಗಿನ್ನೂ ಯಾವ ಆಂಟಿಬಯಾಟಿಕ್ಕೂ ಇರಲಿಲ್ಲ. ಬಸುರಿಯರಿಗೆ ಗೊತ್ತಿದ್ದದ್ದು ಡಾಕ್ಟರುಗಳಿಗೆ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು ಎನ್ನುವುದು ನನ್ನ ಸ್ವಂತ ಟಿಪ್ಪಣಿ.

ಈಗ ಎನ್‌ಡಿಎಂಗೆ ಬರುತ್ತೇನೆ. ಪೂರ್ತಿ ಹೆಸರು ನ್ಯೂ ಡೆಲ್ಲಿ ಮೆಟಾಲೊ ಬೀಟಾ ಲ್ಯಾಕ್ಟಮೇಸ್. 2008ರಲ್ಲಿ ಸ್ವೀಡನ್ನಿನ ಒಬ್ಬ ರೋಗಿಯಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲಾದಲ್ಲಿ ಇದನ್ನು ಮೊದಲು ಗುರುತಿಸಿದರು. ಅವರು ಅದಕ್ಕೂ ಮುಂಚೆ ದೆಹಲಿಯ ಆಸ್ಪತ್ರೆಯಲ್ಲಿದ್ದರು, ಹಾಗಾಗಿ ಆ ಹೆಸರು. 2010ರಲ್ಲಿ ಚೆನ್ನೈನ ಕಾರ್ತಿಕೇಯನ್ ಕುಮಾರಸಾಮಿ ಮತ್ತು ಸಂಗಡಿಗರ ಲೇಖನ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದಾಗ ನಮ್ಮಲ್ಲಿ ದೊಡ್ಡ ಗಲಾಟೆಯಾಯಿತು. ಗಲಾಟೆ ಕ್ರಿಮಿಯ ಬಗ್ಗೆ ಅಲ್ಲ, ಹೆಸರಿನ ಬಗ್ಗೆ. ಮರುವರ್ಷ ದೆಹಲಿಯ ನೀರನ್ನು ಪರೀಕ್ಷಿಸಿದವರಿಗೆ ಬೀದಿಯಲ್ಲಿ ನಿಂತ, ಜಿನುಗುವ ನೀರಿನ 171 ಮಾದರಿಗಳಲ್ಲಿ 51ರಲ್ಲಿ, ನಲ್ಲಿ ನೀರಿನ 50ರಲ್ಲಿ 2ರಲ್ಲಿ ಈ ಜೀನ್ ಸಿಕ್ಕಿತು. ಆಸ್ಪತ್ರೆಯ ಕ್ರಿಮಿ ಆಸ್ಪತ್ರೆಯಲ್ಲೇ ಇರುತ್ತದೆ ಎನ್ನುವ ಹಾಗಿಲ್ಲ.

2016ರಲ್ಲಿ ಅಮೆರಿಕದ ನೆವಾಡಾದಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸು ತೀರಿಕೊಂಡರು. ಬಹಳ ಕಾಲ ಭಾರತದಲ್ಲಿದ್ದು ಮರಳಿದ್ದವರು. ಇಲ್ಲಿದ್ದಾಗ ತೊಡೆಯ ಮೂಳೆ ಮುರಿದು, ಸೋಂಕಾಗಿ, ಹಲವು ಸಲ ಆಸ್ಪತ್ರೆ ಸೇರಿದ್ದರು. ಅವರಲ್ಲಿ ಸಿಕ್ಕ ಕ್ರಿಮಿಗೆ ಅಮೆರಿಕದಲ್ಲಿ ಲಭ್ಯವಿದ್ದ 26 ಆಂಟಿಬಯಾಟಿಕ್‌ಗಳಲ್ಲಿ ಒಂದೂ ನಾಟಲಿಲ್ಲ. ಆ ಕ್ರಿಮಿ ಕ್ಲೆಬ್ಸಿಯೆಲ್ಲಾ, ಅದರಲ್ಲಿ ಎನ್‌ಡಿಎಂ. ಇದನ್ನು ನಾನು ಓದಿದ್ದು ಅತ್ತೆ ಐಸಿಯುನಲ್ಲಿದ್ದ ರಾತ್ರಿ, ಮೊಬೈಲಿನಲ್ಲಿ. ಓದಬಾರದಿತ್ತು.

ನಮ್ಮ ದೇಶದ ದೊಡ್ಡ ಆಸ್ಪತ್ರೆಗಳ ಲೆಕ್ಕವನ್ನು ಐಸಿಎಂಆರ್ ಪ್ರತಿವರ್ಷ ಪ್ರಕಟಿಸುತ್ತದೆ. ಮೆರೊಪೆನೆಮ್‌ನ ಸೋದರ ಇಮಿಪೆನೆಮ್ 2017ರಲ್ಲಿ ನೂರಕ್ಕೆ 59 ಕ್ಲೆಬ್ಸಿಯೆಲ್ಲಾಗಳಿಗೆ ನಾಟುತ್ತಿತ್ತು. 2022ಕ್ಕೆ ಅದು 42.

ಇನ್ನು ನಮ್ಮ ಹೈದರಾಬಾದ್. ಔಷಧಿ ತಯಾರಿಕೆಯಲ್ಲಿ ಈ ಊರಿಗೆ ದೊಡ್ಡ ಹೆಸರಿದೆ. ಬಾಲಾನಗರದಲ್ಲಿ ಐಡಿಪಿಎಲ್ ಬಂದ ಮೇಲೆ ಜೀಡಿಮೆಟ್ಲ, ಬೊಲ್ಲಾರಂ, ಪಟಾನ್‌ಚೆರು ಕಡೆಯೆಲ್ಲ ಕಾರ್ಖಾನೆಗಳು ಬೆಳೆದವು. ಇಲ್ಲಿ ಕೂತವರಲ್ಲೇ ಎಷ್ಟೋ ಮನೆಯ ಅನ್ನ ಅಲ್ಲಿಂದ ಬರುತ್ತದೆ, ಆ ಔಷಧಿ ಅಗ್ಗವಾಗಿ ಸಿಗುವುದರಿಂದ ಜಗತ್ತಿನಲ್ಲಿ ಲಕ್ಷಾಂತರ ಜನ ಬದುಕಿದ್ದಾರೆ. ಅದನ್ನು ಮರೆತು ಮಾತಾಡಲಾರೆ. ಆದರೆ 2007ರಲ್ಲಿ ಸ್ವೀಡನ್ನಿನ ಯೊಆಕಿಂ ಲಾರ್ಸನ್ ಮತ್ತು ಸಂಗಡಿಗರು ಪಟಾನ್‌ಚೆರುವಿನ ಸಾಮೂಹಿಕ ತ್ಯಾಜ್ಯನೀರು ಸಂಸ್ಕರಣಾ ಘಟಕದಿಂದ ಹೊರಬರುವ ನೀರನ್ನು ಪರೀಕ್ಷಿಸಿ ಪ್ರಕಟಿಸಿದ್ದು ಹೀಗಿದೆ: ಒಂದು ಲೀಟರಿನಲ್ಲಿ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್. ಮಾತ್ರೆ ನುಂಗಿದವರ ರಕ್ತದಲ್ಲಿರುವುದಕ್ಕಿಂತ ಹೆಚ್ಚು. ದಿನಕ್ಕೆ ಸುಮಾರು 45 ಕಿಲೋ, ಇಡೀ ಸ್ವೀಡನ್ ದೇಶ ಐದು ದಿನಕ್ಕೆ ಬಳಸುವಷ್ಟು. 2016ರ ನವೆಂಬರಿನಲ್ಲಿ ಜರ್ಮನಿಯ ತಂಡವೊಂದು ಹೈದರಾಬಾದಿನ ಒಳಗೆ, ಸುತ್ತಮುತ್ತ 28 ಕಡೆ ನೀರು ಸಂಗ್ರಹಿಸಿತು. ಬಹುತೇಕ ಎಲ್ಲ ಕಡೆಯೂ ಇಎಸ್‌ಬಿಎಲ್ ಅಥವಾ ಮೆರೊಪೆನೆಮ್ ಜಾತಿಯ ಔಷಧಿಯನ್ನು ಕತ್ತರಿಸುವ ಬ್ಯಾಕ್ಟೀರಿಯಾ ಸಿಕ್ಕವು. ಒಂದು ಕಡೆ ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಲೀಟರಿಗೆ 237 ಮಿಲಿಗ್ರಾಂ ಇತ್ತು. ನಮಗೆ ಡಾಕ್ಟರ್ ಬರೆದುಕೊಡುವ ಫ್ಲುಕೊನಜೋಲ್ ಮಾತ್ರೆ 150 ಮಿಲಿಗ್ರಾಂ.

ಆಗಲೇ ಹೇಳಿದ ಪೆನ್‌ಡ್ರೈವ್ ನೆನಪಿಡಿ. ಸಿಪ್ರೊ ಹರಿಯುವ ಹಳ್ಳದಲ್ಲಿ ಉಳಿಯುವುದು ಸಿಪ್ರೊಗೆ ಉತ್ತರ ಇರುವ ಬ್ಯಾಕ್ಟೀರಿಯಾ, ಅದರ ಉಂಗುರದಲ್ಲಿ ಇನ್ನೇನಿದೆಯೋ ಅದೂ ಜೊತೆಗೆ ಉಳಿಯುತ್ತದೆ. ಕಾರ್ಖಾನೆ ಹೊರಬಿಡುವ ನೀರಿನಲ್ಲಿ ಎಷ್ಟು ಆಂಟಿಬಯಾಟಿಕ್ ಇರಬಹುದು ಎಂದು ಮಿತಿ ಹಾಕುವ ಕರಡು ನಿಯಮವನ್ನು ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ ತಂದಿತು. 2021ರ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ ಮಿತಿಗಳು ಅದರಲ್ಲಿರಲಿಲ್ಲ. ನಾವು ಮೊಹಲ್ಲಾದ ಕಸದ ಗಾಡಿಗೆ, ನೀರಿನ ಟ್ಯಾಂಕರಿಗೆ ಜಗಳವಾಡುತ್ತೇವೆ, ಆಡಬೇಕಾದದ್ದೇ. ಇದರ ಬಗ್ಗೆಯೂ ಯಾರಾದರೂ ಕೇಳಬೇಕು.

ಕಾರ್ಖಾನೆಯ ಕಡೆ ಬೆರಳು ತೋರಿಸಿದ ಮೇಲೆ ನನ್ನ ಮನೆಯ ಡ್ರಾಯರ್ ತೆಗೆಯುತ್ತೇನೆ. ಮಗನಿಗೆ ನೆಗಡಿ ಕೆಮ್ಮು ಬಂದರೆ, ಯಜಮಾನರಿಗೆ ಗಂಟಲು ನೋವಾದರೆ, ಹಳೆಯ ಚೀಟಿಯ ಫೋಟೋ ವಾಟ್ಸ್ಯಾಪ್ ಮಾಡಿ ಅಜಿತ್ರೊಮೈಸಿನ್ ತರಿಸಿಕೊಂಡವಳು ನಾನು. ಎಂ.ಟೆಕ್. ಓದಿದವಳು. ನೆಗಡಿ ವೈರಸ್‌ನಿಂದ ಬರುವುದು, ಅದಕ್ಕೆ ಗೋಡೆಯೂ ಇಲ್ಲ ಮೇಸ್ತ್ರಿಯೂ ಇಲ್ಲ, ಆಂಟಿಬಯಾಟಿಕ್ ಅದನ್ನು ಮುಟ್ಟುವುದಿಲ್ಲ. ಗೊತ್ತಿತ್ತು. ಎರಡು ದಿನ ರಜೆ ಹಾಕುವುದಕ್ಕಿಂತ ಮೂರು ಮಾತ್ರೆ ಸುಲಭ ಅನ್ನಿಸಿತ್ತು, ಅಷ್ಟೇ. ಆ ಮಾತ್ರೆ ನೆಗಡಿಯನ್ನು ಬಿಟ್ಟು ಹೊಟ್ಟೆಯಲ್ಲಿರುವ ಸಾಧು ಬ್ಯಾಕ್ಟೀರಿಯಾಗಳನ್ನು ಕೊಂದು, ಗಟ್ಟಿಯವಕ್ಕೆ ಜಾಗ ಮಾಡಿಕೊಡುತ್ತದೆ.

ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಕೊಡಬಾರದ್ದು. ಸೆಫಿಕ್ಸಿಮ್, ಮೆರೊಪೆನೆಮ್‌ನಂಥವಕ್ಕೆ 2014ರ ಮಾರ್ಚ್‌ನಿಂದ ಎಚ್-1 ಎಂಬ ಇನ್ನೂ ಬಿಗಿಯಾದ ಪಟ್ಟಿ ಇದೆ, ಯಾರಿಗೆ ಕೊಟ್ಟರು ಎಂದು ಅಂಗಡಿಯವರು ಬರೆದಿಡಬೇಕು. ಕೇರಳದಲ್ಲಿ 2024ರ ಜನವರಿಯಲ್ಲಿ ಆಪರೇಷನ್ ಅಮೃತ್ ಎಂದು ಹೆಸರಿಟ್ಟು, ಚೀಟಿ ಇಲ್ಲದೆ ಮಾರುವ ಅಂಗಡಿಗಳಿಗೆ ಹಠಾತ್ ಭೇಟಿ ಕೊಡಲು ಶುರುಮಾಡಿದರು. ಕೋರ್ಸ್ ಪೂರ್ತಿ ಮುಗಿಸಬೇಕಾ ಎಂದು ಬಹಳ ಜನ ಕೇಳುತ್ತೀರಿ. ನಾವಾಗಿ ನಿಲ್ಲಿಸುವುದು ಬೇಡ, ನಾವಾಗಿ ಮುಂದುವರಿಸುವುದೂ ಬೇಡ. ಎಷ್ಟು ದಿನ, ಯಾಕೆ ಎಂದು ಡಾಕ್ಟರನ್ನು ಕೇಳಿ. ಉದ್ದ ಎಳೆದಷ್ಟೂ ಒಳ್ಳೆಯದು ಎನ್ನುವ ಹಳೆಯ ಲೆಕ್ಕವನ್ನು ಈಗ ಡಾಕ್ಟರುಗಳೇ ಹೇಳುವುದು ಕಡಿಮೆ.

ಅತ್ತೆಗೆ ಕೊನೆಗೆ ಕೊಟ್ಟದ್ದು ಕೊಲಿಸ್ಟಿನ್. ಕಿಡ್ನಿಗೆ ತೊಂದರೆ ಕೊಡುತ್ತದೆ ಎಂದು ಎಪ್ಪತ್ತರ ದಶಕದ ಹೊತ್ತಿಗೆ ಬದಿಗಿಟ್ಟ ಔಷಧಿ, ಬೇರೆ ದಾರಿ ಇಲ್ಲದೆ ಮತ್ತೆ ತಂದಿದ್ದಾರೆ. ಕೋಳಿ ದಪ್ಪವಾಗಲಿ ಎಂದು ಇದನ್ನೇ ಅದರ ಆಹಾರಕ್ಕೆ ಬೆರೆಸುತ್ತಿದ್ದರು, 2019ರ ಜುಲೈನಲ್ಲಿ ಸರ್ಕಾರ ನಿಷೇಧಿಸಿತು. ಹನ್ನೆರಡು ದಿನ ಡ್ರಿಪ್, ದಿನವೂ ಕ್ರಿಯೇಟಿನಿನ್ ಪರೀಕ್ಷೆ. ಮೂತ್ರದ ನಳಿಕೆ ಅಷ್ಟರಲ್ಲಿ ತೆಗೆದಿದ್ದರು. ಡ್ರಿಪ್ ಹಾಕಲು ಕುತ್ತಿಗೆಗೆ ಇನ್ನೊಂದು ನಳಿಕೆ ಹಾಕಿದ್ದರು. ಅದು ಇದ್ದಷ್ಟು ದಿನವೂ ರೌಂಡ್ಸ್‌ಗೆ ಬಂದ ಡಾಕ್ಟರನ್ನು ಕೇಳಿದೆ, ‘ಇವತ್ತು ತೆಗೆಯಬಹುದಾ ಸರ್?’ ಒಂಬತ್ತು ದಿನ ಇಲ್ಲ ಅಂದರು, ಹತ್ತನೆಯ ದಿನ, ‘ಸರಿ, ಇನ್ನೆರಡು ದಿನ ಕೈಗೇ ಹಾಕೋಣ’ ಎಂದು ತೆಗೆಸಿದರು. ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಿಗೆ ‘ಸ್ವಲ್ಪ ಕೈಗೆ ಸ್ಯಾನಿಟೈಸರ್ ಹಾಕ್ಕೊಳ್ತೀರಾ’ ಎಂದು ಹೇಳಲು ಮೊದಲ ದಿನ ನಾಲಗೆ ಹೊರಳಲಿಲ್ಲ, ಎರಡನೆಯ ದಿನ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ‘ಸಾರಿ ಆಂಟಿ’ ಅಂದರು. ಬೇಜಾರಾದದ್ದು ನನಗೇ, ಆಂಟಿ ಅಂದದ್ದಕ್ಕೆ.

ಅತ್ತೆ ಈಗ ವಾಕರ್ ಹಿಡಿದು ಬಾಲ್ಕನಿಯವರೆಗೆ ನಡೆಯುತ್ತಾರೆ. ಯಾರು ಬಂದರೂ ‘ಕೈ ತೊಳಕೊಂಡು ಬಾರವ್ವಾ ಮೊದಲ, ಆಮೇಲೆ ಮಾತಾಡೋಣಂತ’ ಎಂದು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಯೂರಿನ್ ಪೈಪಿನ ವಿಷಯ ಅವರಿಗೆ ಹೇಳಿರಲಿಲ್ಲ. ಇವತ್ತು ಇಲ್ಲಿ ಮಾತಾಡಬೇಕೆಂದು ಮೊನ್ನೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೂ ಅವತ್ತು ತೆಗೆಯೋದು ಬ್ಯಾಡಾಗಿತ್ತು’ ಅಂದರು.

ಡ್ರಾಯರ್ ಖಾಲಿ ಮಾಡಿದಾಗ ಹನ್ನೊಂದು ಅರ್ಧ ಬಳಸಿದ ಸ್ಟ್ರಿಪ್ ಸಿಕ್ಕವು. ಕಸದ ಬುಟ್ಟಿಗೆ ಹಾಕಿದರೆ ಮಣ್ಣು ಸೇರುತ್ತದೆ, ಸಿಂಕಿಗೆ ಹಾಕಿದರೆ ಮೂಸಿ ಸೇರುತ್ತದೆ. ಮೆಡಿಕಲ್ ಶಾಪಿನವರನ್ನು ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಕೇಳಿದೆ, ದುಡ್ಡು ವಾಪಸ್ ಕೇಳುತ್ತಿದ್ದೇನೆ ಅಂದುಕೊಂಡು ನಕ್ಕರು. ಆ ಕವರ್ ಇವತ್ತಿಗೂ ನಮ್ಮನೆ ಅಟ್ಟದ ಮೇಲಿದೆ. ನಿಮ್ಮಲ್ಲಿ ಯಾರಿಗಾದರೂ ಒಂದು ದಾರಿ ಗೊತ್ತಿದ್ದರೆ ಊಟದ ಹೊತ್ತಿಗೆ ಹೇಳಿ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಡ್ರಾಯರ್ ಇದ್ದರೆ, ಎಲ್ಲರದ್ದೂ ಸೇರಿಸಿ ಕೇಳಿಕೊಂಡು ಹೋಗೋಣ.